ಎಲೆಯನ್ನು ಫೋನು ನೋಡೀತು, ಹೊಲವನ್ನು ನೋಡುವವರು ಯಾರು?

ಬೆಳೆಗೆ ತಗಲಿದ ರೋಗವನ್ನು ಗುರುತಿಸುವುದು ಬಹುಕಾಲ ಮನುಷ್ಯರದೇ ಕೆಲಸವಾಗಿತ್ತು. ಅನುಭವಸ್ಥ ರೈತರು, ಕೃಷಿ ಇಲಾಖೆಯ ಸಿಬ್ಬಂದಿ, ವಿಜ್ಞಾನಿಗಳು, ಹಲವೆಡೆ ಗೊಬ್ಬರದ ಅಂಗಡಿಯವರು ಇದನ್ನು ಮಾಡುತ್ತ ಬಂದಿದ್ದಾರೆ. ಈಗ ಎಲೆಯ ಚಿತ್ರವನ್ನು ಫೋನಿನಲ್ಲಿ ತೆಗೆದರೆ ಸಾಕು, ಕೃತಕ ಬುದ್ಧಿಮತ್ತೆಯು ಕ್ಷಣಮಾತ್ರದಲ್ಲಿ ರೋಗದ ಹೆಸರನ್ನೂ ಸಿಂಪಡಿಸಬೇಕಾದ ಔಷಧಿಯನ್ನೂ ಹೇಳುತ್ತದೆ. ಕೇಂದ್ರ ಸರ್ಕಾರವು 2023ರಲ್ಲಿ ಪಿಎಂ-ಕಿಸಾನ್ ಯೋಜನೆಯ ಪ್ರಶ್ನೆಗಳಿಗೆ ಉತ್ತರಿಸುವ 'ಕಿಸಾನ್ ಇ-ಮಿತ್ರ'ವನ್ನು ಆರಂಭಿಸಿತು. 2024ರಲ್ಲಿ ಚಿತ್ರ ನೋಡಿ ಕೀಟ, ರೋಗ ಗುರುತಿಸುವ ರಾಷ್ಟ್ರೀಯ ಕೀಟ ಸಮೀಕ್ಷೆಯ ವ್ಯವಸ್ಥೆಯನ್ನೂ ಜಾರಿಗೆ ತಂದಿತು. ಹೀಗಿರುವಾಗ ಹಳ್ಳಿಗೆ ಬಂದು ಬೆಳೆ ನೋಡುವ ಸಿಬ್ಬಂದಿ ಇನ್ನು ಬೇಕೇ ಎಂಬ ಪ್ರಶ್ನೆ ಏಳುವುದು ಸಹಜ. ಬೇಕು, ಮೊದಲಿಗಿಂತ ಹೆಚ್ಚಾಗಿಯೇ ಬೇಕು ಎಂಬುದು ನಮ್ಮ ಅಭಿಪ್ರಾಯ.

ಯಂತ್ರಕ್ಕೆ ಈ ತಿಳಿವಳಿಕೆ ತಾನಾಗಿ ಬಂದುದಲ್ಲ. ತಿಳಿದವರು ಸಾವಿರಾರು ಚಿತ್ರಗಳಿಗೆ 'ಇದು ಇಂಥ ರೋಗ' ಎಂದು ಹೆಸರಿಟ್ಟು ಕೊಡುತ್ತಾರೆ. ಅವುಗಳ ಹೋಲಿಕೆಯಿಂದ ಯಂತ್ರವು ಕಲಿಯುತ್ತದೆ. 2016ರಲ್ಲಿ ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 14 ಬೆಳೆಗಳ 54,306 ಎಲೆ ಚಿತ್ರಗಳಿಂದ ಹೀಗೆ ಕಲಿಸಿ ಪರೀಕ್ಷಿಸಿದರು. ಅದೇ ಬಗೆಯಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದಾಗ ಯಂತ್ರವು ನೂರಕ್ಕೆ 99ರಷ್ಟು ಸರಿಯಾಗಿ ಹೇಳಿತು. ಬೇರೆ ಸನ್ನಿವೇಶಗಳಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಸರಿಯಾಗಿ ಹೇಳಿದ್ದು ನೂರಕ್ಕೆ ಸುಮಾರು 31 ಮಾತ್ರ. ಆನಂತರ ಈ ವಿದ್ಯೆ ಬಹಳ ಸುಧಾರಿಸಿದೆ, ನಿಜ. ಆದರೆ ಕಲಿಸಿದ್ದಕ್ಕೂ ಹೊಲದಲ್ಲಿ ಇರುವುದಕ್ಕೂ ಅಂತರ ಹೆಚ್ಚಿದಷ್ಟೂ ಯಂತ್ರ ತಪ್ಪುತ್ತದೆಂಬ ಪಾಠ ಇಂದಿಗೂ ಅನ್ವಯಿಸುತ್ತದೆ.

ತೊಗರಿಯ ಉದಾಹರಣೆಯನ್ನೇ ನೋಡೋಣ. ಗಿಡ ಬಾಡಿ ಎಲೆ ಹಳದಿಯಾಗಲು ಸೊರಗು ರೋಗ ಕಾರಣವಿರಬಹುದು, ನೀರು ನಿಂತಿರಬಹುದು, ತೇವಾಂಶವೇ ಸಾಲದಿರಬಹುದು. ಬಾಡಿದ ಎಲೆಯ ಚಿತ್ರದಲ್ಲಿ ಇವು ಒಂದೇ ರೀತಿ ಕಾಣಬಹುದು. ಬುಡದ ಕಾಂಡವನ್ನು ಸೀಳಿ ನೋಡಿದಾಗ ಒಳಗೆ ಕಪ್ಪು ಗೆರೆಗಳಿದ್ದರೆ ಅದು ಸೊರಗು ರೋಗವೆಂದು ತಿಳಿಯಬೇಕು. ಮಣ್ಣಿನಿಂದ ಬರುವ ಈ ರೋಗಕ್ಕೆ ಎಲೆಯ ಮೇಲೆ ಔಷಧಿ ಸಿಂಪಡಿಸುವುದು ಹಣ ಕಳೆದುಕೊಳ್ಳುವ ದಾರಿ. ರೋಗ ನಿರೋಧಕ ತಳಿ, ಬೀಜೋಪಚಾರ ಮತ್ತು ಬೆಳೆ ಪರಿವರ್ತನೆಗಳೇ ಇದಕ್ಕೆ ಉಪಾಯ. ಗಿಡವನ್ನು ಕಿತ್ತು ಸೀಳಿ ನೋಡುವ ಕೈ ಫೋನಿಗೆ ಇಲ್ಲ.

ಇದಕ್ಕಿಂತಲೂ ಮುಖ್ಯವಾದ ವಿಷಯ ಇನ್ನೊಂದಿದೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊಟ್ಟಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗದ ಮುಸುಕಿನ ಜೋಳದಲ್ಲಿ, 2018ರ ಮೇ ತಿಂಗಳಲ್ಲಿ. ಪತ್ತೆ ಮಾಡಿದವರು ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು. ಹುಳುವನ್ನು ಹಿಡಿದು ಪರಿಶೀಲಿಸಿ, ಇದು ನಮ್ಮಲ್ಲಿ ಮೊದಲಿದ್ದುದಲ್ಲ ಎಂದು ಖಚಿತಪಡಿಸಿಕೊಂಡರು. ಯಂತ್ರವಾದರೋ ಕಲಿಸದೇ ಇರುವ ಹುಳುವಿಗೆ ತನಗೆ ಗೊತ್ತಿರುವ ಯಾವುದೋ ಹೆಸರನ್ನು ಹೇಳುವ ಸಂಭವವೇ ಹೆಚ್ಚು. ಹೊಲ ಸುತ್ತುವವರು ಕಡಿಮೆಯಾದರೆ ಮುಂದಿನ ಹೊಸ ಪೀಡೆಯನ್ನು ಮೊದಲು ಕಾಣುವವರು ಯಾರು? ಯಂತ್ರಕ್ಕೆ ಕಲಿಸುವವರು ಯಾರು?

ಹಾಗೆಂದು ಹೊಸ ವಿದ್ಯೆಯನ್ನು ದೂರವಿಡಬೇಕೆಂದಲ್ಲ. 1970 ಮತ್ತು 80ರ ದಶಕಗಳ 'ತರಬೇತಿ ಮತ್ತು ಭೇಟಿ' ಪದ್ಧತಿಯಲ್ಲಿ ವಿಸ್ತರಣಾ ಕಾರ್ಯಕರ್ತರು ಹದಿನೈದು ದಿನಗಳಿಗೊಮ್ಮೆ ನಿಗದಿತ ದಿನ ಹಳ್ಳಿಗೆ ಬರಬೇಕಿತ್ತು. ಮೇಲಿನಿಂದ ಬಂದ ಸಂದೇಶವನ್ನು ಊರೂರಿಗೂ ಒಪ್ಪಿಸುವುದರಲ್ಲೇ ಅವರ ಬಹಳಷ್ಟು ವೇಳೆ ಕಳೆಯುತ್ತಿತ್ತು. ಬಿತ್ತನೆಯ ಕಾಲ, ಗೊಬ್ಬರದ ಪ್ರಮಾಣ, ಸಹಾಯಧನದ ಅರ್ಜಿಯ ವಿವರ ಮುಂತಾದವುಗಳನ್ನು ಈಗ ಯಂತ್ರವೇ ಹಗಲು ರಾತ್ರಿ ಬೇಸರವಿಲ್ಲದೆ ಹೇಳಲಿ. ಆದರೆ ಇದರಿಂದ ಉಳಿದ ವೇಳೆ ಹೊಲದ ಭೇಟಿಗೆ ಸಲ್ಲಬೇಕು. 'ಫೋನು ಇದೆಯಲ್ಲ' ಎಂಬ ನೆಪದಿಂದ ಹುದ್ದೆಗಳನ್ನು ಖಾಲಿ ಬಿಟ್ಟರೆ ಉಳಿತಾಯ ಸರ್ಕಾರಕ್ಕೆ, ನಷ್ಟ ರೈತನಿಗೆ. ತಪ್ಪು ಸಲಹೆ ಕೊಟ್ಟ ಅಧಿಕಾರಿಯನ್ನು ಕಚೇರಿಗೆ ಹೋಗಿ ಕೇಳಬಹುದು. ಫೋನಿನ ಸಲಹೆಗೆ ಹೊಣೆ ಯಾರೆಂಬುದನ್ನು ಅದನ್ನು ನೀಡುವವರು ಮೊದಲೇ ತಿಳಿಸುವಂತೆ ಸರ್ಕಾರ ಕಟ್ಟುನಿಟ್ಟು ಮಾಡುವುದು ಅವಶ್ಯ.

ರೈತ ಬಾಂಧವರು ತಮ್ಮ ಮಟ್ಟಿಗೆ ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು.

1. ಫೋನು ಹೇಳಿದ ರೋಗದ ಹೆಸರನ್ನು ಸುಳಿವೆಂದು ತಿಳಿಯಿರಿ, ತೀರ್ಮಾನವೆಂದಲ್ಲ.

2. ಎಲೆಯ ಜೊತೆಗೆ ಬೇರು, ಕಾಂಡ, ಮಣ್ಣಿನ ತೇವ ಹಾಗೂ ಅಕ್ಕಪಕ್ಕದ ಗಿಡಗಳನ್ನೂ ಪರೀಕ್ಷಿಸಿರಿ.

3. ಔಷಧಿ ಕೊಳ್ಳುವ ಮುನ್ನ ಕೀಡೆ ಹಿಡಿದ ಗಿಡವನ್ನೇ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿರಿ.

4. ಫೋನು ಕೊಟ್ಟ ಸಲಹೆ, ಸಿಂಪಡಿಸಿದ ದಿನ ಮತ್ತು ಫಲಿತಾಂಶವನ್ನು ಬರೆದಿಡಿರಿ. ಸಲಹೆ ತಪ್ಪಾಗಿದ್ದರೆ ತೋರಿಸಲು ನಿಮ್ಮ ಕೈಯಲ್ಲಿರುವ ದಾಖಲೆ ಅದೊಂದೇ.

ಯಂತ್ರವು ಚುರುಕಾದ ಶಿಷ್ಯ. ಗುರುವನ್ನು ಮನೆಗೆ ಕಳಿಸಿ ಶಿಷ್ಯನ ಕೈಗೆ ಪಾಠಶಾಲೆ ಒಪ್ಪಿಸುವುದು ಜಾಣತನವಲ್ಲ. ಮುಂದಿನ ಗ್ರಾಮಸಭೆಯಲ್ಲಿ 'ನಮ್ಮ ಹೋಬಳಿಯಲ್ಲಿ ಬೆಳೆ ನೋಡಲು ಬರುವವರು ಎಷ್ಟು ಮಂದಿ ಇದ್ದಾರೆ?' ಎಂದು ರೈತರು ಕೇಳಬೇಕು. ಉತ್ತರ ಬರುವವರೆಗೂ ಕೇಳುತ್ತಿರಬೇಕು.