ಸೂರ್ಯನ ನೋಡೋ ಕಣ್ಣು ತಯಾರಾಗಿದ್ದು ಹೊಸಕೋಟೆಲಿ: ನಮಗೇನು ಲಾಭ?

ಹೊಸಕೋಟೆ: ಶಿಡ್ಲಘಟ್ಟ ರಸ್ತೇಲಿ ಓಡಾಡೋರು ಕ್ರೆಸ್ಟ್ ಕ್ಯಾಂಪಸ್ ನೋಡೇ ಇರ್ತೀರಿ. ಒಳಗೇನಿದೆ ಅಂದ್ರೆ ‘ಏನೋ ಟೆಲಿಸ್ಕೋಪ್ ಅಂತೆ’ ಅಂತೀವಿ, ಅಷ್ಟೇ. ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿರುವ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ ‘ವೆಲ್ಕ್’ ಜೋಡಣೆಯಾಗಿದ್ದು ಇಲ್ಲೇ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಇದನ್ನು 2023ರ ಜನವರಿ 26ರಂದು ಇಸ್ರೋಗೆ ಒಪ್ಪಿಸಿತು. ಸೆಪ್ಟೆಂಬರ್ 2ಕ್ಕೆ ಉಡಾವಣೆ, 2024ರ ಜನವರಿ 6ಕ್ಕೆ ನೌಕೆ ಜಾಗ ಸೇರಿತು.

ಕೆಲಸ ಏನು?

ಸೂರ್ಯನ ಸುತ್ತಲಿನ ಕರೋನಾ (ಕಾಯಿಲೆ ಅಲ್ಲ, ಬಿಸಿ ಪ್ರಭಾವಲಯ) ಗ್ರಹಣದಲ್ಲಿ ಮಾತ್ರ ಕಣ್ಣಿಗೆ ಕಾಣುತ್ತೆ. ಸೂರ್ಯನ ಬೆಳಕಿನ ಮುಂದೆ ಅದು ಲಕ್ಷಾಂತರ ಪಟ್ಟು ಮಂಕು. ಹಾಗಾಗಿ ವೆಲ್ಕ್ ಒಳಗೇ ಗ್ರಹಣ ಮಾಡ್ತಾರೆ. ಮೊದಲ ಕನ್ನಡಿ ಬೆಳಕು ಹಿಡಿಯುತ್ತೆ. ಎರಡನೇ ಕನ್ನಡಿಯ ನಡುವೆ ತೂತು. ಸೂರ್ಯಬಿಂಬದ ಬೆಳಕು ಆ ತೂತಿನಿಂದ ಆಚೆ ಹೋಗುತ್ತೆ, ಮೂರನೇ ಕನ್ನಡಿ ಅದನ್ನು ಉಪಕರಣದಿಂದ ಹೊರಗೆ ಹಾಕುತ್ತೆ. ಉಳಿಯೋದು ಕರೋನಾ ಬೆಳಕು ಮಾತ್ರ.

ಕನ್ನಡಿ ಮೇಲೆ ಒಂದು ಧೂಳಿನ ಕಣ ಕೂತರೂ ಬೆಳಕು ಚದುರಿ ಚಿತ್ರ ಹಾಳು. ಅದಕ್ಕೇ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಗಾತ್ರದ ಕಣ 10ಕ್ಕಿಂತ ಹೆಚ್ಚಿರದಂಥ ಕೋಣೆ ಕಟ್ಟಿದ್ರು. ಹೈವೇ ಧೂಳು ತಿನ್ನೋ ನಮ್ಮ ಹೊಸಕೋಟೆಲಿ!

ಅಂಗಡಿಯವರಿಗೆ ಯಾಕೆ ಬೇಕು?

ಸೂರ್ಯ ಸಿಡಿದರೆ ಉಪಗ್ರಹ, ಜಿಪಿಎಸ್, ಕರೆಂಟ್ ಲೈನ್ ಎಲ್ಲಕ್ಕೂ ಪೆಟ್ಟು. 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ 60 ಲಕ್ಷ ಜನಕ್ಕೆ ಸುಮಾರು ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ. ಅಷ್ಟು ಹೊತ್ತು ಕರೆಂಟ್, ಟವರ್ ಎರಡೂ ಹೋದ್ರೆ ಇವತ್ತು ಒಂದು ಟೀ ಅಂಗಡಿಯ ಸ್ಕ್ಯಾನರ್ ಕೂಡ ನಡೆಯಲ್ಲ. ಸಿಡಿದ ಕಣಗಳು ಭೂಮಿಗೆ ಬರೋಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಮೊದಲೇ ಗೊತ್ತಾದ್ರೆ ಉಪಗ್ರಹ, ಗ್ರಿಡ್ ಕಾಪಾಡಬಹುದು. ಸೂರ್ಯನ ಸ್ಫೋಟ ಎಲ್ಲಿ, ಹೇಗೆ ಶುರುವಾಗುತ್ತೆ ಅಂತ ತಿಳಿಯೋಕೆ ವೆಲ್ಕ್ ಬೇಕು.

ಲಾಭ ಅಂದ್ರೆ ‘ಎಷ್ಟು ಜನಕ್ಕೆ ಕೆಲಸ ಸಿಕ್ತು’ ಅಂತ ಮಾತ್ರ ನೋಡಿದ್ರೆ ಉತ್ತರ ಸಣ್ಣದು. ಗೋಡೌನ್ ಥರ ನೂರಾರು ಜನರನ್ನ ತಗೊಳ್ಳೋ ಜಾಗ ಅಲ್ಲ ಅದು. ಆದ್ರೆ ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು. ಓದೋ ಟೈಮಲ್ಲಿ, ಬಸ್ಸಲ್ಲಿ ದಾಟಿ ಹೋಗೋ ಕಾಂಪೌಂಡ್ ಒಳಗೆ ಸೂರ್ಯನ ಕಣ್ಣು ತಯಾರಾಗ್ತಿದೆ ಅಂತ ಒಬ್ಬ ಮೇಷ್ಟ್ರೂ ಹೇಳಲಿಲ್ಲ. ಮುಂದಿನ ಹುಡುಗರಿಗಾದ್ರೂ ಹಾಗಾಗಬಾರದು. ತಾಲೂಕಿನ ಶಾಲೆ, ಕಾಲೇಜಿನವರು ಒಂದು ಅರ್ಜಿ ಬರೆದು ಭೇಟಿಗೆ ಅವಕಾಶ ಕೇಳಲಿ. ಕೇಳೋಕೆ ದುಡ್ಡೇನೂ ಬೇಕಾಗಿಲ್ಲ.