ರೋಗಿಯ ನಾಲ್ಕನೆಯ ಗುಣ

ಚಿಕಿತ್ಸೆಯೆಂಬುದು ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳ ಮೇಲೆ ನಿಂತಿರುವುದೆಂದು ಹೇಳುವ ಚರಕಸಂಹಿತೆಯು, ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ಎಣಿಸಿಕೊಡುತ್ತದೆ. ರೋಗಿಯ ಗುಣಗಳಲ್ಲಿ ಕಡೆಯದಾಗಿ ಅದು ಹೇಳುವುದು ಜ್ಞಾಪಕತ್ವವನ್ನು, ಎಂದರೆ ತನ್ನ ವ್ಯಾಧಿಯನ್ನು ತಾನೇ ತಿಳಿಯಹೇಳಬಲ್ಲ ಶಕ್ತಿಯನ್ನು. ಗುಣವು ರೋಗಿಯದಾದರೂ ಅದು ಪ್ರಕಟವಾಗುವುದು ಕೇಳುವವನ ಸಹನೆಯಿಂದ. ಕೇಳುವ ಕಿವಿಯಿಲ್ಲದೆಡೆ ಎಂಥ ವಾಗ್ಮಿಯೂ ಮೂಕನಾಗುವನಷ್ಟೆ.

ಹಳ್ಳಿಯಿಂದ ಬಂದ ವೃದ್ಧೆಯೊಬ್ಬಳು ಹೊರರೋಗಿ ವಿಭಾಗದಲ್ಲಿ ನಿಂತು "ಎದೆ ಉರಿ" ಎಂದಳೆನ್ನೋಣ. ಆ ಎರಡು ಮಾತುಗಳಲ್ಲಿ ಹೊಟ್ಟೆಯ ಆಮ್ಲವೂ ಅಡಗಿರಬಹುದು, ಹೃದಯಾಘಾತದ ಮುನ್ಸೂಚನೆಯೂ ಅಡಗಿರಬಹುದು. ಉರಿಯು ಉಂಡ ಮೇಲೆ ಬರುವುದೋ, ಮೆಟ್ಟಿಲು ಹತ್ತುವಾಗಲೋ, ಬೆವರು ಬಂದಿತೋ, ತೋಳಿಗೆ ಹಬ್ಬಿತೋ ಎಂದು ಆಕೆಯ ನುಡಿಯಲ್ಲಿಯೇ ಕೇಳಿ, ಉತ್ತರ ಬರುವತನಕ ಕಾಯಬಲ್ಲ ವಿದ್ಯಾರ್ಥಿಗೆ ರೋಗನಿದಾನದ ಅರ್ಧದಾರಿ ಅಲ್ಲಿಯೇ ಸವೆಯುತ್ತದೆ. ಆದರೆ ಈ ಕಾಯುವಿಕೆಯೇ ದುರ್ಲಭವಾದುದು. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಅಮೆರಿಕದ ಸಂಶೋಧಕರು ವೈದ್ಯರ ಸಂದರ್ಶನಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಲಾಗಿ, ರೋಗಿಯ ಮೊದಲ ಮಾತುಗಳನ್ನು ವೈದ್ಯರು ಸರಾಸರಿ 18 ಸೆಕೆಂಡುಗಳಲ್ಲಿ ತಡೆಯುತ್ತಿದ್ದರೆಂಬುದು ಕಂಡುಬಂದಿತು. ಭಯದಿಂದಲೋ ಲಜ್ಜೆಯಿಂದಲೋ ಮುಖ್ಯ ಸಂಗತಿಯನ್ನು ಕೊನೆಗೆ ಉಳಿಸಿಕೊಳ್ಳುವ ರೋಗಿಗೆ, ಆ ಕೊನೆಯನ್ನು ಮುಟ್ಟುವ ಅವಕಾಶವೇ ದೊರೆಯದು.

ಕೇಳುವುದರಂತೆಯೇ ತಿಳಿಯಹೇಳುವುದೂ ಚಿಕಿತ್ಸೆಯ ಅಂಗ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ ವಿಹಿತವಾಗಿದ್ದರೂ, ಕೆಲವು ವಾರಗಳಲ್ಲಿ ಕೆಮ್ಮು ಕಡಮೆಯಾಗಿ ಮೈಗೆ ಬಲ ಬಂದೊಡನೆ ಮಾತ್ರೆ ನಿಲ್ಲಿಸುವವರುಂಟು. ಅದರ ಫಲವಾಗಿ ಔಷಧಕ್ಕೆ ಮಣಿಯದ ಕ್ಷಯವು ತಲೆಯೆತ್ತಬಹುದು. ಕೆಮ್ಮು ನಿಂತರೂ ಕ್ರಿಮಿ ಸತ್ತಿಲ್ಲವೆಂಬುದನ್ನು ಮೊದಲ ದಿನವೇ ಮನಮುಟ್ಟುವಂತೆ ಹೇಳಿ, "ಮಾತ್ರೆ ಹೇಗೆ ನುಂಗುತ್ತೀರಿ, ನೀವೇ ಒಮ್ಮೆ ಹೇಳಿ ನೋಡೋಣ" ಎಂದು ಕೇಳಿ ತಿಳಿಯುವ ವೈದ್ಯನು, ಔಷಧವನ್ನು ಬರೆದುಕೊಟ್ಟುದರ ಜೊತೆಗೆ ಅದು ಹೊಟ್ಟೆಗೆ ಹೋಗುವಂತೆಯೂ ಮಾಡಿದವನಾಗುತ್ತಾನೆ.

ಇದೆಲ್ಲ ಹುಟ್ಟುಗುಣ, ಕಲಿಸಿ ಬರುವುದಲ್ಲ ಎನ್ನುವ ಹಿರಿಯರುಂಟು. ನಾಡಿ ಹಿಡಿಯುವುದನ್ನೂ ಹೊಲಿಗೆ ಹಾಕುವುದನ್ನೂ ಹುಟ್ಟುಗುಣಕ್ಕೆ ಬಿಡದ ನಾವು ಮಾತನ್ನು ಮಾತ್ರ ಏಕೆ ಬಿಡಬೇಕು? ರೋಗಿಯ ಪಾತ್ರವನ್ನು ಅಭಿನಯಿಸಲು ತರಬೇತಾದವರನ್ನು ವಿದ್ಯಾರ್ಥಿಯ ಮುಂದೆ ಕೂರಿಸುವ ಪದ್ಧತಿಯನ್ನು ಹೊವಾರ್ಡ್ ಬ್ಯಾರೋಸ್ ಎಂಬ ವೈದ್ಯರು 1963ರಷ್ಟು ಹಿಂದೆಯೇ ಆರಂಭಿಸಿದರು. ನಮ್ಮ ದೇಶದಲ್ಲಿಯೂ 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವು ಮನೋಭಾವ, ನೀತಿ, ಸಂವಹನಗಳನ್ನು ಒಳಗೊಂಡ 'ಏಟ್‌ಕಾಮ್' ಎಂಬ ಪಾಠವನ್ನು ಕಡ್ಡಾಯಗೊಳಿಸಿ, ಪ್ರಾರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಗೂ ಸ್ಥಾನವಿತ್ತಿದೆ. ಇದು ಮನಃಪೂರ್ವಕವಾಗಿ ಸ್ವಾಗತಿಸಬೇಕಾದ ಹೆಜ್ಜೆ.

ಆದರೆ ಲಾಗ್‌ಬುಕ್ಕಿನ ಸಹಿಯೂ ಪರೀಕ್ಷೆಯ ಪ್ರಬಂಧೋತ್ತರವೂ ಯಾರಿಗೂ ಸಂಭಾಷಣೆಯನ್ನು ಕಲಿಸಲಾರವು. ಅದನ್ನು ಕಲಿಸಬೇಕಾದುದು ವಾರ್ಡಿನಲ್ಲಿ, ರೋಗಿಯ ಮಂಚದ ಬಳಿ. ಕರ್ನಾಟಕದ ಮಟ್ಟಿಗೆ ಕನ್ನಡದಲ್ಲಿ, ಅದೂ ಗ್ರಂಥಸ್ಥವಾದ ಕನ್ನಡದಲ್ಲಲ್ಲದೆ, ಜೋಮು, ಸಂಕಟ, ಸುಸ್ತು ಎಂಬ ಜನರ ಕನ್ನಡದಲ್ಲಿ. ಸಂದರ್ಶನವನ್ನು ಕಣ್ಣಾರೆ ಕಂಡು ಅಂಕವೀಯದ ಹೊರತು ವಿದ್ಯಾರ್ಥಿಯು ಅದನ್ನು ವಿದ್ಯೆಯೆಂದು ಬಗೆಯನು. ಇವೆಲ್ಲಕ್ಕೂ ಮಿಗಿಲಾದ ಪಾಠ ಪ್ರಾಧ್ಯಾಪಕರ ನಡತೆಯಲ್ಲಿದೆ. ರೌಂಡ್ಸಿಗೆ ಬಂದವರು ಮಲಗಿರುವಾಕೆಯನ್ನು "ಬೆಡ್ ನಂಬರ್ 12" ಎಂದು ಕರೆದರೆ ತರಗತಿಯ ಉಪದೇಶವೆಲ್ಲ ಆ ಒಂದು ಕ್ಷಣದಲ್ಲಿ ವ್ಯರ್ಥವಾಗುತ್ತದೆ.

ನೂರಾರು ಮಂದಿ ಸಾಲಿನಲ್ಲಿ ನಿಂತಿರುವ ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆಲ್ಲ ವೇಳೆಯೆಲ್ಲಿ ಎಂಬ ಆಕ್ಷೇಪ ನಿಜವಾದುದು. ವೈದ್ಯರ ಸಂಖ್ಯೆ ಹೆಚ್ಚಲೇಬೇಕು. ಆದರೂ ಚೀಟಿಯನ್ನು ಕೈಗಿಡುವ ಮುನ್ನ ಮುಖ ನೋಡಿ, "ಇನ್ನೇನಾದರೂ ಹೇಳುವುದು ಉಳಿದಿದೆಯೇ ಅಜ್ಜಿ?" ಎಂದು ಕೇಳಿ, ಒಂದು ಉಸಿರು ಸುಮ್ಮನಿರುವುದಕ್ಕೆ ಬೇಕಾದುದು ಅರೆನಿಮಿಷ. ಆ ಅರೆನಿಮಿಷವನ್ನು ಕೊಡುವ ಅಭ್ಯಾಸವನ್ನು ನಾವು ವಿದ್ಯಾರ್ಥಿದೆಸೆಯಲ್ಲಿಯೇ ಬೆಳೆಸತಕ್ಕದ್ದು.