ಗಾಳಿಯಂತ್ರ ಕೇರಿಗೆ ಬೇಡ, ಬಯಲಿಗೆ ಬರಲಿ

ಮಳೆ ಹಿಡಿಯಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲ್ಲೂಕುಗಳಲ್ಲಿ ಮನೆ ವೈರಿಂಗ್, ಇನ್ವರ್ಟರ್, ಸೋಲಾರ್ ಕೆಲಸ ಮಾಡುವವನು ನಾನು. ತೆಂಗಿನ ಗರಿ ಲೈನಿಗೆ ಬಿತ್ತು, ಬ್ಯಾಟರಿ ಮುಗಿಯಿತು ಎಂಬ ಕರೆಗಳ ನಡುವೆ ಈಗೀಗ ಹೊಸದೊಂದು ಬೇಡಿಕೆ: ‘ತಾರಸಿ ಮೇಲೆ ಸಣ್ಣ ಗಾಳಿಯಂತ್ರ ಕೂರಿಸಿಕೊಡಿ.’

ಕೇಳುವವರ ಲೆಕ್ಕಾಚಾರ ಸರಿಯಾಗಿಯೇ ಇದೆ. ಬಿಸಿಲಿಲ್ಲದ ಜೂನ್, ಜುಲೈಯಲ್ಲೇ ನಮ್ಮ ಕಡಲ ಗಾಳಿಗೆ ಜೋರು. ಸೋಲಾರ್ ಸೋತಾಗ ಗಾಳಿ ಕೈಹಿಡಿಯಬಾರದೇಕೆ? ಆದರೂ ಕೇರಿಯೊಳಗಿನ ಮನೆಗೆ ನಾನು ಬೇಡವೆಂದೇ ಹೇಳುತ್ತೇನೆ.

ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರ ಶಕ್ತಿ ಎಂಟನೇ ಒಂದಕ್ಕೆ ಇಳಿಯುತ್ತದೆ. 1 ಕಿಲೋವ್ಯಾಟ್ ಎಂದು ಮಾರುವ, ಎರಡು ಮೀಟರ್ ಅಗಲದ ಯಂತ್ರ ಅಷ್ಟು ವಿದ್ಯುತ್ ಕೊಡಬೇಕಾದರೆ ಗಂಟೆಗೆ 40 ಕಿ.ಮೀ. ಆಸುಪಾಸಿನ ಗಾಳಿ ಬೇಕು. 14 ಕಿ.ಮೀ. ಗಾಳಿಯಲ್ಲಿ ಸಿಗುವುದು 40 ವ್ಯಾಟ್‌ನಷ್ಟು. ಹಗಲೂ ರಾತ್ರಿ ಬೀಸಿದರೂ ಒಂದು ಯೂನಿಟ್ ತುಂಬುವುದಿಲ್ಲ. ಅಷ್ಟೇ ಸಾಮರ್ಥ್ಯದ ಸೋಲಾರ್ ಒಳ್ಳೆಯ ಬಿಸಿಲಿನ ದಿನ ನಾಲ್ಕು ಯೂನಿಟ್ ಕೊಡುತ್ತದೆ.

ಅದೂ ಗಾಳಿ ನೇರವಾಗಿ ಬಂದರೆ. ಭಟ್ಕಳದ ಹಳೇ ಪೇಟೆಯ ತಾರಸಿಯೊಂದರಲ್ಲಿ ಬಿದಿರ ಕೋಲಿಗೆ ರಿಬ್ಬನ್ ಕಟ್ಟಿ ನೋಡಿದ್ದೆ. ಗಾಳಿ ಪಶ್ಚಿಮದಿಂದ ಬರುತ್ತಿತ್ತು. ರಿಬ್ಬನ್ ಮಾತ್ರ ಒಮ್ಮೆ ದಕ್ಷಿಣಕ್ಕೆ, ಒಮ್ಮೆ ಉತ್ತರಕ್ಕೆ ಹಾರಿ, ಕೊನೆಗೆ ಕೋಲಿಗೇ ಸುತ್ತಿಕೊಂಡಿತು. ಮನೆ, ಮರಗಳ ನಡುವೆ ಗಾಳಿ ಹೀಗೇ ಸುಳಿಯಾಗುತ್ತದೆ. ಬ್ರಿಟನ್ನಿನಲ್ಲಿ ಕಟ್ಟಡಗಳ ಮೇಲೆ ಕೂರಿಸಿದ 26 ಯಂತ್ರಗಳನ್ನು ಅಳೆದು 2009ರಲ್ಲಿ ವರದಿ ಕೊಟ್ಟರು. ಕೆಟ್ಟು ನಿಂತ ದಿನಗಳೂ ಸೇರಿ, ಒಂದೊಂದರ ಸರಾಸರಿ ದಿನಕ್ಕೆ ಕಾಲು ಯೂನಿಟ್ಟೂ ಇರಲಿಲ್ಲ.

ಸುಳಿ ತಪ್ಪಿಸಲು ರೆಕ್ಕೆಗಳು ಸುತ್ತಮುತ್ತಲಿನ ಮರಗಳಿಗಿಂತ ಹತ್ತು ಮೀಟರ್ ಮೇಲಿರಬೇಕು. ನಮ್ಮ ತೆಂಗು ಇಪ್ಪತ್ತು ಮೀಟರ್ ಬೆಳೆಯುತ್ತದೆ. ಅಂದರೆ ಮೂವತ್ತು ಮೀಟರ್ ಕಂಬ. ಐದು ಗುಂಟೆ ಚೌಕದ ಜಾಗ ಉದ್ದಕ್ಕೂ ಅಗಲಕ್ಕೂ 22 ಮೀಟರ್ ಇದ್ದೀತು. ಕಂಬ ಬಿದ್ದರೆ ಪಕ್ಕದ ಮನೆಯ ಹೆಂಚಿನ ಮೇಲೇ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಕಂಡ ಯಾರಿಗೂ ಈ ಭಯ ಬಿಡಿಸಿ ಹೇಳಬೇಕಿಲ್ಲ. ಕಡಲಂಚಿನ ಉಪ್ಪುಗಾಳಿ ಬೇರೆ. ಎರಡು ಮಳೆಗಾಲ ಕಳೆದ ಕ್ಲಾಂಪನ್ನು ಸ್ಪ್ಯಾನರ್ ಹಚ್ಚಿ ತಿರುಗಿಸಿದರೆ ಬೋಲ್ಟಿನ ತಲೆಯೇ ಮುರಿದು, ಕೆಂಪು ಪುಡಿ ಅಂಗೈಗೆ ಬೀಳುತ್ತದೆ. ರಾತ್ರಿಯ ಗುಂಯ್‌ ಸದ್ದನ್ನಂತೂ ಆಚೆಮನೆಯ ಹಸುಗೂಸು, ಕಾಯಿಲೆಯವರು ಯಾಕೆ ಸಹಿಸಿಕೊಳ್ಳಬೇಕು?

ಹಣದ ಮಾತಿಗೆ ಬಂದರೆ, 2023ರ ಆಗಸ್ಟ್‌ನಿಂದ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವ ಮನೆಗೆ ಗಾಳಿಯಂತ್ರ ಉಳಿಸಿಕೊಡುವುದು ಏನೂ ಇಲ್ಲ. ಬೇಕಿರುವುದು ಕರೆಂಟ್ ಹೋದಾಗಿನ ದೀಪ, ಫ್ಯಾನ್. ಅದಕ್ಕೆ ಒಳ್ಳೆಯ ಬ್ಯಾಟರಿ ಸಾಕು. ಛಾವಣಿ ಸೋಲಾರಿಗಾದರೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವೂ ಇದೆ.

ನನ್ನನ್ನು ಕಾಡುವ ಸಂಗತಿ ಇನ್ನೊಂದು. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲೇ 240 ಮೆಗಾವ್ಯಾಟ್‌ನ ವಿದ್ಯುದಾಗಾರವಿದೆ. ನಮ್ಮಲ್ಲಿ ಕೊರತೆ ಉತ್ಪಾದನೆಯದಲ್ಲ, ಮಳೆಗಾಲದಲ್ಲಿ ವಿದ್ಯುತ್ ತಂತಿಯ ಮೇಲೆ ಮನೆ ಮುಟ್ಟುವುದರದ್ದು. ಮಣ್ಣಿನಡಿಯ ಕೇಬಲ್, ಹೊದಿಕೆಯ ತಂತಿ, ಮೇ ತಿಂಗಳಲ್ಲೇ ಗರಿ ಸವರುವ ಕೆಲಸ, ಇವನ್ನು ಗಟ್ಟಿಯಾಗಿ ಕೇಳದೆ ಮನೆಗೊಂದು ಯಂತ್ರ ಕೊಂಡರೆ ದುಡ್ಡಿದ್ದವರಿಗಷ್ಟೇ ಬೆಳಕು.

ಹಾಗೆಂದು ಗಾಳಿಯನ್ನು ಕೈಬಿಡಬೇಕಿಲ್ಲ. ಗದಗದ ಕಪ್ಪತಗುಡ್ಡ, ಚಿತ್ರದುರ್ಗದ ಜೋಗಿಮಟ್ಟಿಯ ಯಂತ್ರಗಳು ತಿರುಗುತ್ತಿರುವುದು ತೆರೆದ ಎತ್ತರದಲ್ಲಿ. ನಮ್ಮಲ್ಲೂ ತೆರೆದ ಜಾಗಗಳಿವೆ: ತೆಂಗಿನಗುಂಡಿ ಬಂದರು, ಕಾಸರಕೋಡಿನ ತೀರ, ಅಘನಾಶಿನಿಯ ಗಜನಿ ಬಯಲು. ಅಲ್ಲಿ ಮೊದಲು ಒಂದಿಡೀ ವರ್ಷ ಗಾಳಿ ಅಳೆಯಲಿ, ಅಂಕಿಗಳನ್ನು ಪಂಚಾಯ್ತಿ ಬೋರ್ಡಿಗೆ ಕನ್ನಡದಲ್ಲಿ ಹಚ್ಚಲಿ. ಗಾಳಿ ಸಾಕೆಂದಾದರೆ ಕರಾವಳಿ ನಿಯಂತ್ರಣ ವಲಯದ ಅನುಮತಿ ಪಡೆದು, ಸೋಲಾರ್ ಜೊತೆಗೂಡಿಸಿ, ಊರಿಗೊಂದು ಯಂತ್ರ ನಿಲ್ಲಲಿ. ಕುಡಿಯುವ ನೀರಿನ ಪಂಪು, ಆರೋಗ್ಯ ಕೇಂದ್ರದ ಫ್ರಿಜ್ಜು ಅದರಿಂದ ನಡೆಯಲಿ.

ಅಳತೆ ಕಂಬಕ್ಕೆ ಮುಂದಿನ ಗ್ರಾಮಸಭೆಯಲ್ಲೇ ಠರಾವು ಮಾಡಿ. ಕಂಬ ನಿಲ್ಲಿಸುವ ದಿನ ನಾನು ಬರುತ್ತೇನೆ, ಕೂಲಿ ಬೇಡ.